ಆಂಪ್ಲಿಫೈಯರ್‌ನ ಹೆಡ್‌ಫೋನ್ ಜ್ಯಾಕ್ ಸಾಕಾ, ಬೇರೆ ಹೆಡ್‌ಫೋನ್ ಆಂಪ್ ಬೇಕಾ?

ಮಂದ್ರಸ್ಥಾಯಿ:
ಚಾನಲ್‌ಗೆ 40 ವ್ಯಾಟ್ (8 ಓಮ್‌ಗೆ) ಕೊಡುವ ಹಳೇ ಸ್ಟೀರಿಯೊ ಆಂಪ್ ಇದೆ. ಅದರ ಹೆಡ್‌ಫೋನ್ ಜ್ಯಾಕ್‌ಗೆ ಸೆನ್‌ಹೈಸರ್ ಎಚ್‌ಡಿ 650 (300 ಓಮ್) ಹಾಕಿದರೆ ಚೆನ್ನಾಗಿಯೇ ಕೇಳಿಸುತ್ತದೆ. 32 ಓಮ್‌ನ ಇನ್ನೊಂದು ಹೆಡ್‌ಫೋನ್ ಹಾಕಿದರೆ ಮಾತ್ರ ಬಾಸ್ ಊದಿಕೊಂಡು ಮುದ್ದೆಯಾಗುತ್ತದೆ. ಅದೇ ಹೆಡ್‌ಫೋನ್ ಫೋನ್‌ನಲ್ಲಿ ಸರಿಯಾಗಿದೆ. ಆಂಪ್‌ನ ಪವರ್ ಸಾಲುತ್ತಿಲ್ಲವಾ?

ಓಮ್‌ಲೆಕ್ಕ:
ಪವರ್ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ತಕರಾರು ಔಟ್‌ಪುಟ್ ಇಂಪೀಡೆನ್ಸ್‌ನದು, ಅಂದರೆ ಜ್ಯಾಕ್ ತನ್ನ ಕಡೆಯಿಂದ ಸಿಗ್ನಲ್‌ಗೆ ಒಡ್ಡುವ, ಓಮ್‌ನಲ್ಲಿ ಅಳೆಯುವ ತಡೆಯದು. ಇಂಥ ಹಳೇ ಆಂಪ್‌ಗಳಲ್ಲಿ ಸ್ಪೀಕರ್ ಔಟ್‌ಪುಟ್ಟನ್ನೇ ಒಂದು ರೆಸಿಸ್ಟರ್ ಮೂಲಕ ಜ್ಯಾಕ್‌ಗೆ ತಂದಿರುತ್ತಾರೆ, ಸಾಮಾನ್ಯವಾಗಿ 100ರಿಂದ 470 ಓಮ್. 330 ಎಂದಿಟ್ಟುಕೊಳ್ಳಿ. 40 ವ್ಯಾಟ್ ಅಂದರೆ ಸುಮಾರು 17.9 ವೋಲ್ಟ್, ಅದರಲ್ಲಿ ಎಚ್‌ಡಿ 650ಗೆ 8.5 ವೋಲ್ಟ್ ಸಿಗುತ್ತದೆ. 1 ವೋಲ್ಟ್‌ಗೇ 103 ಡೆಸಿಬಲ್ ಕೊಡುವ ಹೆಡ್‌ಫೋನ್ ಅದು, ಅಷ್ಟು ಕೊಟ್ಟರೆ ಕಿವಿ ಉಳಿಯುವುದಿಲ್ಲ.

ಡೈನಾಮಿಕ್ ಡ್ರೈವರ್‌ನ (ಹೆಡ್‌ಫೋನ್‌ನಲ್ಲಿ ಸದ್ದು ಮಾಡುವ, ಕಾಯಿಲ್ ಇರುವ ಸಾಮಾನ್ಯ ಬಗೆಯ ಭಾಗ) ಇಂಪೀಡೆನ್ಸ್ ಎಲ್ಲ ಫ್ರೀಕ್ವೆನ್ಸಿಯಲ್ಲೂ ಒಂದೇ ಇರುವುದಿಲ್ಲ, ಬಾಸ್ ರೆಸೊನೆನ್ಸ್ (ಅದು ಸುಲಭವಾಗಿ ಕಂಪಿಸುವ ಕೆಳ ಫ್ರೀಕ್ವೆನ್ಸಿ) ಹತ್ತಿರ ಏರುತ್ತದೆ. 32 ಓಮ್ ಅಲ್ಲಿ 70 ಆಯಿತೆನ್ನಿ. ಹಿಂದೆ 330 ಓಮ್ ಇದ್ದರೆ ಆ ಜಾಗದಲ್ಲಿ ಹೆಡ್‌ಫೋನ್‌ಗೆ ಸಿಗುವ ವೋಲ್ಟೇಜ್‌ನ ಪಾಲು ಹೆಚ್ಚಿ ಸುಮಾರು 6 ಡೆಸಿಬಲ್ ಉಬ್ಬು. 300 ಓಮ್‌ನದು 500ಕ್ಕೆ ಏರಿದರೂ ಉಬ್ಬು 2 ಡೆಸಿಬಲ್ ಅಷ್ಟೇ. ಫೋನ್ ಔಟ್‌ಪುಟ್ 1 ಓಮ್ ಇದ್ದರೆ 0.15 ಕೂಡ ಇಲ್ಲ. ನೀವು ಕೇಳುತ್ತಿರುವ ವ್ಯತ್ಯಾಸ ಇದೇ ಇರಬೇಕು. ಹೆಡ್‌ಫೋನ್ ಇಂಪೀಡೆನ್ಸ್‌ನ ಎಂಟನೇ ಒಂದು ಭಾಗಕ್ಕಿಂತ ಔಟ್‌ಪುಟ್ ಇಂಪೀಡೆನ್ಸ್ ಕಡಿಮೆ ಇರಲಿ ಅನ್ನುವುದು ರೂಢಿಯ ಲೆಕ್ಕ: 32ಕ್ಕೆ 4 ಓಮ್. ಪ್ಲೇನರ್ ಹೆಡ್‌ಫೋನ್‌ಗಳಿಗೆ (ತೆಳು ಹಾಳೆ ಕಂಪಿಸಿ ಸದ್ದು ಮಾಡುವ ಬಗೆ) ಈ ಕಾಟವಿಲ್ಲ. ಅವುಗಳ ಇಂಪೀಡೆನ್ಸ್ ಹೆಚ್ಚುಕಡಿಮೆ ಸಮತಟ್ಟು, ವಾಲ್ಯೂಮ್ ಮಾತ್ರ ಇಳಿಯುತ್ತದೆ.

ಬೆಸುಗೆಕಡ್ಡಿ:
ಕೊಳ್ಳುವ ಮುಂಚೆ ಜ್ಯಾಕ್‌ನ ಔಟ್‌ಪುಟ್ ಇಂಪೀಡೆನ್ಸನ್ನು ಮಲ್ಟಿಮೀಟರ್‌ನಿಂದ ಅಳೆದುಬಿಡಿ. 200 ಹರ್ಟ್ಜ್ ಸೈನ್ ಟೋನ್ ಹಾಕಿ, ಹೆಡ್‌ಫೋನ್ ತೆಗೆದು, ಜ್ಯಾಕ್‌ನ ಒಂದು ಚಾನಲ್‌ನಲ್ಲಿ 1.00 ವೋಲ್ಟ್ ಎಸಿ ಬರುವಷ್ಟು ವಾಲ್ಯೂಮ್ ಇಡಿ. ಆಮೇಲೆ ವಾಲ್ಯೂಮ್ ಮುಟ್ಟದೆ ಆ ಚಾನಲ್‌ಗೂ ಗ್ರೌಂಡ್‌ಗೂ ನಡುವೆ 33 ಓಮ್ ರೆಸಿಸ್ಟರ್ ಇಟ್ಟು ಮತ್ತೆ ನೋಡಿ. ಮೊದಲ ಓದನ್ನು ಎರಡನೆಯದರಿಂದ ಭಾಗಿಸಿ, 1 ಕಳೆದು, 33ರಿಂದ ಗುಣಿಸಿದರೆ ಔಟ್‌ಪುಟ್ ಇಂಪೀಡೆನ್ಸ್. ತೀರಾ ಅಗ್ಗದ ಮೀಟರ್‌ಗಳಲ್ಲಿ ಎಸಿ ರೇಂಜ್ 200 ವೋಲ್ಟ್‌ನಿಂದಲೇ ಶುರುವಾಗುತ್ತದೆ, ಅವು ಇದಕ್ಕೆ ಬರುವುದಿಲ್ಲ. 50 ಹರ್ಟ್ಜ್‌ನಲ್ಲಿ ಅಳೆಯಬೇಡಿ. ಔಟ್‌ಪುಟ್‌ನಲ್ಲಿ ಕಪ್ಲಿಂಗ್ ಕೆಪಾಸಿಟರ್ (ಡಿಸಿ ತಡೆಯುವ ಕೆಪಾಸಿಟರ್) ಇದ್ದರೆ ಲೆಕ್ಕ ಕೆಡುತ್ತದೆ.

ಮಂದ್ರಸ್ಥಾಯಿ:
1.00 ಇದ್ದದ್ದು 0.091ಕ್ಕೆ ಇಳಿಯಿತು. ಅಂದರೆ 330 ಓಮ್! ಹಾಗಾದರೆ ಬೇರೆ ಆಂಪ್ ಕೊಳ್ಳಲೇಬೇಕಾ?

ಬೆಸುಗೆಕಡ್ಡಿ:
ಮೊದಲು ಎರಡು 10 ಓಮ್, ಕಾಲು ವ್ಯಾಟ್ ರೆಸಿಸ್ಟರ್ ಹಾಕಿ ನೋಡಿ. ಒಂದು ಎಕ್ಸ್‌ಟೆನ್ಷನ್ ಕೇಬಲ್‌ನ ಸಾಕೆಟ್ ಬಿಚ್ಚಿ, ಎಡಕ್ಕೂ ಗ್ರೌಂಡ್‌ಗೂ ನಡುವೆ ಒಂದು, ಬಲಕ್ಕೂ ಗ್ರೌಂಡ್‌ಗೂ ನಡುವೆ ಇನ್ನೊಂದು ಬೆಸೆಯಿರಿ. ಆಗ ಔಟ್‌ಪುಟ್ ಇಂಪೀಡೆನ್ಸ್ 9.7 ಓಮ್ ಆಗಿ, 6 ಡೆಸಿಬಲ್ ಉಬ್ಬು 1.2ಕ್ಕೆ ಇಳಿಯುತ್ತದೆ. ವಾಲ್ಯೂಮ್ ಹೆಚ್ಚು ತಿರುಗಿಸಬೇಕಾಗುತ್ತದೆ, ಅದು ಒಳ್ಳೆಯದೇ: ಪೊಟೆನ್ಷಿಯೊಮೀಟರ್‌ನ (ವಾಲ್ಯೂಮ್ ಗುಂಡಿಯ ಹಿಂದಿನ ಭಾಗ) ತೀರಾ ಕೆಳಗಿನ ತಿರುವಿನಲ್ಲಿ ಎಡ-ಬಲ ಸಮ ಇರುವುದು ಅಪರೂಪ. ಜ್ಯಾಕ್‌ನ ಇಂಪೀಡೆನ್ಸ್ ಕಡಿಮೆ ಬಂದಿದ್ದರೆ ಈ ಕೆಲಸಕ್ಕೆ ಕೈಹಾಕಬಾರದಿತ್ತು, 10 ಓಮ್ ಲೋಡ್‌ಗೆ ಒಳಗಿನ ಆಪ್-ಆಂಪ್ (ಪುಟ್ಟ ಆಂಪ್ಲಿಫೈಯರ್ ಚಿಪ್) ಏದುಸಿರು ಬಿಡುತ್ತದೆ. ಎಚ್‌ಡಿ 650ಗೆ ಈ ಕೇಬಲ್ ಬೇಡ, ನೇರ ಹಾಕಿ.

ಓಮ್‌ಲೆಕ್ಕ:
ಕೊಳ್ಳುವುದೇ ಆದರೆ ಔಟ್‌ಪುಟ್ ಇಂಪೀಡೆನ್ಸ್ 1-2 ಓಮ್ ಒಳಗಿರುವ, ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗಬೇಕು ಅನ್ನುವ) ಸ್ವಿಚ್ ಇರುವ ಹೆಡ್‌ಫೋನ್ ಆಂಪ್ ನೋಡಿ. ಅದಕ್ಕೆ ಸಿಗ್ನಲ್ ಹಳೇ ಆಂಪ್‌ನ ರೆಕ್ ಔಟ್‌ನಿಂದ (ರೆಕಾರ್ಡರ್‌ಗೆಂದು ಇರುವ ಔಟ್‌ಪುಟ್) ಕೊಡಿ, ಹೆಡ್‌ಫೋನ್ ಜ್ಯಾಕ್‌ನಿಂದ ಬೇಡ. 32 ಓಮ್‌ಗೆ ಲೋ ಗೇನ್ ಸಾಕು. ಹೈ ಗೇನ್ ಇಟ್ಟರೆ ಹಾಡುಗಳ ನಡುವಿನ ಮೌನದಲ್ಲಿ ಹಿಸ್ ಕೇಳಿಸಬಹುದು. ಹಳೇ ಜ್ಯಾಕ್, ಹೊಸ ಆಂಪ್ ಎರಡನ್ನೂ ಹೋಲಿಸುವಾಗ ಹೆಡ್‌ಫೋನ್ ಹಾಕಿಯೇ 1 ಕಿಲೋಹರ್ಟ್ಜ್ ಟೋನ್‌ನಲ್ಲಿ ವೋಲ್ಟೇಜ್ ಶೇ. 1ರೊಳಗೆ ಹೊಂದಿಸಿ, ಮೀಟರ್ ಆ ಫ್ರೀಕ್ವೆನ್ಸಿಯನ್ನು ಸರಿಯಾಗಿ ಓದುವಂತಿರಲಿ. ಇಲ್ಲದಿದ್ದರೆ ಅರ್ಧ ಡೆಸಿಬಲ್ ಜೋರಿರುವುದೇ ಚೆಂದ ಅನ್ನಿಸಿ ದುಡ್ಡು ಖರ್ಚಾಗುತ್ತದೆ.