ಕಬ್ಬಿನ ಗದ್ದೆ ಮುಂದೆ ಪೋರ್ಟ್ರೇಟು: ಹಿನ್ನೆಲೆ ನಯವಾಗಿ ಕರಗಬೇಕು, 50 ಎಂಎಂ ಲೆನ್ಸ್ ತಗೊಳ್ಳಲಾ 85 ತಗೊಳ್ಳಲಾ?

ಸೋಗೆ_ಮಂಡ್ಯ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕ್ಯಾನನ್ 200ಡಿ ಇದೆ, ಜೊತೆಗೆ 18-55 ಮತ್ತು 55-250 ಲೆನ್ಸ್. ಮುಂದಿನ ತಿಂಗಳು ತಂಗಿಯ ಸೀಮಂತ, ಮಂಡ್ಯ ಹತ್ತಿರ ನಮ್ಮ ಊರಲ್ಲೇ. ಮನೆ ಹಿಂದಿನ ಕಬ್ಬಿನ ಗದ್ದೆ ಬದುವಿನ ಮೇಲೆ ನಿಲ್ಲಿಸಿ ನಾಲ್ಕು ಒಳ್ಳೆ ಫೋಟೋ ತೆಗೆಯಬೇಕು ಅಂತ ಆಸೆ. ಹೋದ ಭಾನುವಾರ ಸುಮ್ನೆ ಟ್ರಯಲ್ ನೋಡಿದೆ. 18-55 ಅನ್ನು ಪೂರ್ತಿ 55ಕ್ಕೆ ತಿರುಗಿಸಿದರೂ ಹಿಂದಿನ ಸೋಗೆ ಒಂದೊಂದನ್ನೂ ಎಣಿಸಬಹುದು, ಅವಳ ತಲೆಯಿಂದಲೇ ಕಬ್ಬು ಹುಟ್ಟಿದ ಹಾಗಿದೆ. ಮೊಬೈಲಿನ ಪೋರ್ಟ್ರೇಟ್ ಮೋಡ್ ಇನ್ನೂ ಮಜಾ. ಜುಮುಕಿಗೂ ಕತ್ತಿಗೂ ನಡುವಿನ ಸಂದಿಯಲ್ಲಿ ಗದ್ದೆ ಹಾಗೇ ಸ್ಪಷ್ಟವಾಗಿ ಉಳಿದಿದೆ, ಮುಡಿದ ಮಲ್ಲಿಗೆ ಮಾತ್ರ ಅರ್ಧ ಕರಗಿಹೋಗಿದೆ. ಅಮ್ಮ ನೋಡಿ "ಇದ್ಯಾಕೋ ಹೂವು ಬಾಡಿದೆ" ಅಂದರು.

ಗೆಳೆಯನೊಬ್ಬ 50 ಎಂಎಂ 1.8 ಸಾಕು, 85 ತಗೊಂಡರೂ ಅದೂ 1.8 ತಾನೇ, ಬ್ಲರ್ ಅಷ್ಟೇ ಬರುತ್ತೆ ಅಂತಾನೆ. ನಿಜಾನಾ? ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ.

ಕುಕ್ಕರಹಳ್ಳಿ_ವಾಕಿಂಗು

ನಿಮ್ಮ ಗೆಳೆಯ ಹೇಳಿದ್ದು ಅರ್ಧ ಸರಿ. ಫೋಕಲ್ ಲೆಂತನ್ನು (50, 85 ಅನ್ನೋ ಎಂಎಂ ಲೆಕ್ಕ) ಎಫ್ ನಂಬರಿನಿಂದ (1.8 ಅಂತೀರಲ್ಲ, ಅದು) ಭಾಗಿಸಿ ನೋಡಿ, ಬೆಳಕು ಒಳಗೆ ಬರುವ ಕಿಂಡಿ ಎಷ್ಟು ಅಗಲ ಅಂತ ಗೊತ್ತಾಗುತ್ತದೆ. 50 ಎಂಎಂ 1.8ಕ್ಕೆ ಸುಮಾರು 28 ಮಿಲಿಮೀಟರ್. 85ಕ್ಕೆ 47. ನಿಮ್ಮ 18-55 ಲೆನ್ಸು 55ರಲ್ಲಿ ಎಫ್ 5.6, ಅಂದರೆ 10 ಮಿಲಿಮೀಟರ್ ಕೂಡ ಇಲ್ಲ, ಅದಕ್ಕೇ ಸೋಗೆ ಎಣಿಸೋಕೆ ಸಿಕ್ಕಿದ್ದು. ಫ್ರೇಮಿನಲ್ಲಿ ಮುಖ ಒಂದೇ ಗಾತ್ರ ಬರುವ ಹಾಗೆ ಹಿಂದೆ ಮುಂದೆ ಹೋಗಿ ತೆಗೆದರೆ, ದೂರದ ಹಿನ್ನೆಲೆ ಎಷ್ಟು ಕರಗುತ್ತದೆ ಅನ್ನುವುದು ಈ ಕಿಂಡಿ ಮೇಲೆ ನಿಂತಿದೆ.

ಈಗ ಬ್ಯಾಗಲ್ಲಿ ಬಿದ್ದಿರುವ ನಿಮ್ಮ 55-250 ನೋಡಿ. 250ರಲ್ಲಿ ಎಫ್ 5.6, ಭಾಗಿಸಿದರೆ 44 ಚಿಲ್ಲರೆ! 85ಕ್ಕೆ ಹತ್ತಿರ ಹತ್ತಿರ, ಅದೂ ಒಂದು ಪೈಸೆ ಖರ್ಚಿಲ್ಲದೆ. ತೊಂದರೆ ಏನಂದರೆ ಸೊಂಟದವರೆಗಿನ ಫೋಟೋಗೆ ಸುಮಾರು 10 ಮೀಟರ್ ದೂರ ಹೋಗಬೇಕು, ತಂಗಿ ಜೊತೆ ಕೂಗಿಕೊಂಡೇ ಮಾತಾಡಬೇಕು. ಅದೇ ಫ್ರೇಮಿಗೆ 85 ಆದರೆ ಮೂರೂವರೆ ಮೀಟರ್, 50 ಆದರೆ ಎರಡು.

ಆದರೆ ಕಬ್ಬಿಗೆ ಒರಗಿಸಿದ ಹಾಗೆ ನಿಲ್ಲಿಸಿದರೆ ಈ ಲೆಕ್ಕ ನಡೆಯಲ್ಲ. ಹಿನ್ನೆಲೆ ಬೆನ್ನಿಗೇ ಇದ್ದರೆ ಎಫ್ ನಂಬರೇ ಮುಖ್ಯ. ಅಲ್ಲಿ ನಿಮ್ಮ ಗೆಳೆಯ ಗೆದ್ದ, 50ಕ್ಕೂ 85ಕ್ಕೂ ಅಂಥ ವ್ಯತ್ಯಾಸ ಕಾಣಲ್ಲ, 55-250 ಸೋಲುತ್ತದೆ. ಅದಕ್ಕೆ ಲೆನ್ಸ್ ತಗೊಳ್ಳೋ ಮೊದಲು ತಂಗಿಯನ್ನು ಗದ್ದೆಯಿಂದ ಒಂದು ಇಪ್ಪತ್ತು ಮೂವತ್ತು ಹೆಜ್ಜೆ ಮುಂದಕ್ಕೆ ಕರೆತನ್ನಿ.

ಹಳೇ_ರೀಲು

ಮೇಲಿನವರು ಹೇಳಿದ್ದು ಎಷ್ಟು ಕರಗುತ್ತೆ ಅನ್ನೋ ಲೆಕ್ಕ. ಹೇಗೆ ಕರಗುತ್ತೆ ಅನ್ನೋದು ಬೇರೆ, ಬೊಕೆ ಅನ್ನೋ ಜಪಾನೀ ಮಾತು ಇರೋದು ಅದಕ್ಕೆ. (ಒಂದು ಮದುವೆಯಲ್ಲಿ ಹೊಸ ಹುಡುಗನಿಗೆ "ಬೊಕೆ ಚೆನ್ನಾಗಿ ಬರಲಿ ಕಣೋ" ಅಂದಿದ್ದೆ. ಅವನು ಹೂವಿನ ಬೊಕೆ ಹಿಡಿದು ಬಂದವರನ್ನೆಲ್ಲ ಸಾಲಾಗಿ ತೆಗೆದಿದ್ದ.)

ಕಬ್ಬು ಸುಲಭದ ಹಿನ್ನೆಲೆ ಅಲ್ಲ. ಸೋಗೆಯ ಅಂಚು ಬಿಸಿಲಿಗೆ ಹೊಳೆಯುತ್ತದೆ. ಕೆಲವು ಲೆನ್ಸಲ್ಲಿ ಹಿಂದಿನ ಬೆಳಕಿನ ಚುಕ್ಕಿ ತಟ್ಟೆ ಹಾಗೆ ಸಮವಾಗಿ ಹರಡಲ್ಲ, ಬಳೆ ಹಾಗೆ ಅಂಚೇ ಜಾಸ್ತಿ ಮಿಂಚುತ್ತದೆ. ಸ್ಫೆರಿಕಲ್ ಅಬರೇಶನ್ (ಲೆನ್ಸಿನ ಅಂಚಿನ ಬೆಳಕೂ ಮಧ್ಯದ ಬೆಳಕೂ ಒಂದೇ ಕಡೆ ಸೇರದ ದೋಷ) ಅನ್ನು ಬೇಕಾದ್ದಕ್ಕಿಂತ ಜಾಸ್ತಿ ತಿದ್ದಿದ ಲೆನ್ಸಿನಲ್ಲಿ ಹೀಗಾಗುತ್ತದೆ. ಆಗ ಒಂದು ಸೋಗೆ ಎರಡು ಗೆರೆಯಾಗಿ ಕಾಣುತ್ತದೆ, ಬ್ಲರ್ ಇದ್ದರೂ ಕಣ್ಣಿಗೆ ಗಲಿಬಿಲಿ.

ಯಾವ ಲೆನ್ಸ್ ಸಿಕ್ಕಿದರೂ ನಾನು ಭಾನುವಾರ ಸಂಜೆ ಏಳಕ್ಕೆ ಮೈಸೂರು ಅರಮನೆ ದೀಪ ಹತ್ತುವ ಹೊತ್ತಿಗೆ ಹೊರಗೆ ರಸ್ತೆಯಲ್ಲಿ ನಿಂತು ಟೆಸ್ಟ್ ಮಾಡುತ್ತೇನೆ. ಲಕ್ಷದ ಹತ್ತಿರ ಬಲ್ಬು, ಅದಕ್ಕಿಂತ ಒಳ್ಳೆ ಲ್ಯಾಬ್ ಬೇಕಾ? ಗೆಳೆಯನ ಮೂಗಿಗೆ ಫೋಕಸ್ ಮಾಡಿ ಹಿಂದಿನ ದೀಪ ನೋಡುವುದು. ಮಧ್ಯದಲ್ಲಿ ಗುಂಡಗಿರುತ್ತವೆ, ಮೂಲೆಗೆ ಹೋದ ಹಾಗೆ ಬಾದಾಮಿ ಆಕಾರಕ್ಕೆ ತಿರುಗುತ್ತವೆ, ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಕೊಳವೆಯೇ ಕತ್ತರಿಸುತ್ತದೆ ನೋಡಿ. ಒಂದೆರಡು ಸ್ಟಾಪ್ ಇಳಿಸಿದರೆ, ಅಂದರೆ ಕಿಂಡಿಯನ್ನು ಒಂದೆರಡು ಹಂತ ಕಿರಿದು ಮಾಡಿದರೆ, ಬ್ಲೇಡಿನ (ಕಿಂಡಿ ಕಿರಿದು ಮಾಡುವ ತೆಳು ರೆಕ್ಕೆಗಳ) ಆಕಾರ ಹೊರಬೀಳುತ್ತದೆ. ಕ್ಯಾನನ್ನಿನ ಹಳೇ 50 1.8 II ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಸಿಗುತ್ತದೆ, ಆದರೆ ಬ್ಲೇಡು ಐದೇ, ದೀಪ ಎಲ್ಲ ಐದು ಮೂಲೆ ಆಗುತ್ತವೆ. 2015ರಲ್ಲಿ ಬಂದ ಎಸ್‌ಟಿಎಂ ಮಾದರಿಯಲ್ಲಿ ಏಳು, ತಗೊಂಡರೆ ಅದನ್ನೇ ತಗೊಳ್ಳಿ.

ನನ್ನ ವೋಟು ಮಾತ್ರ 85 1.8ಕ್ಕೆ. 1992ರ ಲೆನ್ಸು, ಎಂಟು ಬ್ಲೇಡು, ಹಿನ್ನೆಲೆ ನಿಜಕ್ಕೂ ನಯ. ಒಂದೇ ಕಾಟ: ಪೂರ್ತಿ ತೆರೆದು ಎದುರು ಬಿಸಿಲಿಗೆ ತೆಗೆದರೆ ರೇಷ್ಮೆ ಸೀರೆಯ ಜರಿ ಅಂಚಿಗೆ ನೇರಳೆ ಬಣ್ಣ ಮೆತ್ತಿಕೊಳ್ಳುತ್ತದೆ. 2.8ಕ್ಕೆ ಇಳಿಸಿ, ಬಹುಪಾಲು ಹೋಗುತ್ತದೆ. ಬರೀ ಮುಖ ತೆಗೆಯುವಾಗಲೂ ಇಳಿಸಲೇಬೇಕು. ನಾಲ್ಕು ಅಡಿಯಿಂದ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಒಂದೂವರೆ ಸೆಂಟಿಮೀಟರ್ ಕೂಡ ಇರಲ್ಲ. ಒಂದು ಕಣ್ಣು ಇದೆ, ಇನ್ನೊಂದು ಮಬ್ಬು. ಮೂಗುತಿ ಸ್ಪಷ್ಟ, ರೆಪ್ಪೆ ಇಲ್ಲ. ಮನೆಯವರು ಕೇಳಲ್ವಾ?

ಸೋಗೆ_ಮಂಡ್ಯ

ಥ್ಯಾಂಕ್ಸ್ ಅಣ್ಣ. 85 ಹೊಸದು ಕೈಗೆ ಎಟಕಲ್ಲ. ಸೆಕೆಂಡ್ ಹ್ಯಾಂಡ್ ನಂಬಬಹುದಾ? ಹಸೆ ಮುಂದೆ ಆರತಿ ಫೋಟೋನೂ ಇದರಲ್ಲೇ ಆಗುತ್ತಾ?

ಹಳೇ_ರೀಲು

ಹಜಾರದಲ್ಲಿ 85 ಹಾಕಿದರೆ ನೀವು ಬಾಗಿಲು ದಾಟಿ ಅಂಗಳಕ್ಕೆ ಹೋಗಬೇಕಾಗುತ್ತದೆ, ಆರತಿಗೆ 18-55 ಇಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಆದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಇಣುಕಿ ನೋಡದೆ ದುಡ್ಡು ಕೊಡಬೇಡಿ. ನಾನು ಒಮ್ಮೆ ಒಂದು ಅಂಗಡಿಯಲ್ಲಿ ಟ್ಯೂಬ್‌ಲೈಟ್ ಬೆಳಕಲ್ಲಿ ನೋಡಿ ತಂದುಬಿಟ್ಟೆ, ಮನೆಗೆ ಬಂದು ಟಾರ್ಚ್ ಬಿಟ್ಟರೆ ಒಳಗೆ ಜೇಡರ ಬಲೆ ತರ ಫಂಗಸ್. ವಾಪಸ್ ತಗೊಳ್ಳಲಿಲ್ಲ. ಅದು ಈಗ ಪೇಪರ್ ವೇಟ್.

ಕುಕ್ಕರಹಳ್ಳಿ_ವಾಕಿಂಗು

ಎರಡು ದಿನಕ್ಕೆ ಬಾಡಿಗೆಗೂ ಸಿಗುತ್ತದೆ, ಮೈಸೂರಲ್ಲಿ ವಿಚಾರಿಸಿ. ಮೊದಲು 55-250 ಟ್ರಯಲ್ ಏನಾಯ್ತು ಹೇಳಿ.

ಸೋಗೆ_ಮಂಡ್ಯ

ನಿನ್ನೆ ಸಂಜೆ ನೋಡಿದೆ. ತಂಗಿಯನ್ನು ಪಂಪ್‌ಸೆಟ್ ಮನೆ ಹತ್ತಿರಕ್ಕೆ ಕರೆತಂದೆ, ಕಬ್ಬು ದೂರ ಹೋಯಿತು. 250ಕ್ಕೆ ಇಟ್ಟು ತೆಗೆದರೆ ಗದ್ದೆ ಪೂರ್ತಿ ಹಸಿರು ಪರದೆ ಬಿಟ್ಟ ಹಾಗೆ ಬಂತು, ಜುಮುಕಿ ಸಂದಿಯಲ್ಲೂ ಹಸಿರೇ, ಹೂವು ಒಂದೊಂದು ಮೊಗ್ಗೂ ಕಾಣುತ್ತದೆ. ಅಮ್ಮ ಪಾಸ್ ಮಾಡಿದರು. ಕತ್ತಲಾಗುತ್ತಾ ಬಂದ ಹಾಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿ ಕೊನೆಯ ಹತ್ತು ಫೋಟೋ ರವೆ ರವೆ ಆದವು, ಅದಕ್ಕೆ 85 ಬಾಡಿಗೆಗೆ ಹೇಳಿದ್ದೇನೆ. ಇನ್ನೊಂದು ಕಾರಣವೂ ಇದೆ. ಹತ್ತು ಮೀಟರಿಂದ "ಸ್ವಲ್ಪ ಇಳಿಸು, ಇನ್ನೂ ಇಳಿಸು" ಅಂತ ತಂಗಿಗೆ ಗಲ್ಲ ಇಳಿಸೋಕೆ ಕೂಗಿದರೆ, ಪಕ್ಕದ ಗದ್ದೆಯಲ್ಲಿ ನೀರು ಕಟ್ಟುತ್ತಿದ್ದ ಮಾವ ಎತ್ತಿ ಕಟ್ಟಿದ್ದ ಪಂಚೆ ಇಳಿಸಿಕೊಂಡು ನೆಟ್ಟಗೆ ನಿಂತುಬಿಟ್ಟರು.