ಸಿಗ್ನಲ್‌ನಲ್ಲಿ ಏರುವ ಎಂಜಿನ್ ಬಿಸಿ: ಥರ್ಮೋಸ್ಟಾಟ್ ತೆಗೆಸಬೇಕೇ?

ಪ್ರಶ್ನೆ (ವಾಕಡ್, ಪುಣೆ): ನನ್ನ ಹಳೆಯ ಪೆಟ್ರೋಲ್ ಕಾರಿನ ಬಿಸಿ ತೋರಿಸುವ ಮುಳ್ಳು ಹಿಂಜವಡಿಯ ವಾಹನ ದಟ್ಟಣೆಯಲ್ಲಿ ನಿಂತಾಗ ಕೆಂಪು ಗೆರೆಯತ್ತ ಏರುತ್ತದೆ, ಎಕ್ಸ್‌ಪ್ರೆಸ್‌ವೇ ಹಿಡಿದರೆ ತಾನಾಗಿಯೇ ಇಳಿಯುತ್ತದೆ. ಥರ್ಮೋಸ್ಟಾಟ್ ತೆಗೆದುಹಾಕೋಣ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಠಾಣೆಯಿಂದ: ದಯವಿಟ್ಟು ತೆಗೆಸಬೇಡಿ. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂಲಂಟ್ (ಎಂಜಿನ್ ತಣಿಸುವ ದ್ರವ) ತನ್ನ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರ್‌ಗೆ ಹೋಗದಂತೆ ತಡೆಯುತ್ತದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಅದರೊಳಗಿನ ಮೇಣ ಕರಗಿ, ಹಿಗ್ಗಿ, ಕವಾಟವನ್ನು ತೆರೆಯುತ್ತದೆ. ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. ರೇಡಿಯೇಟರ್‌ಗೆ ಗಾಳಿ ಬೀಸುವ ಫ್ಯಾನಿನ ಸ್ವಿಚ್‌ನ ಕೆಲಸವೇ ಬೇರೆ. ಹಳೆಯ ಕಾರುಗಳಲ್ಲಿ ಅದನ್ನು ಹೆಚ್ಚಾಗಿ ರೇಡಿಯೇಟರ್‌ಗೇ ಕೂರಿಸಿರುತ್ತಾರೆ. ಸುಮಾರು 95 ಡಿಗ್ರಿಗೆ ಅದು ಫ್ಯಾನ್ ಚಾಲೂ ಮಾಡಿ, ಕೆಲವು ಡಿಗ್ರಿ ಇಳಿದ ಮೇಲೆ ನಿಲ್ಲಿಸುತ್ತದೆ. ವೇಗವಾಗಿ ಓಡುವಾಗ ಎದುರುಗಾಳಿಯೇ ಸಾಕಾಗುವುದರಿಂದ, ಫ್ಯಾನ್ ಕೆಟ್ಟಿರುವುದು ಕಾರು ನಿಂತಾಗಲೇ ಬಯಲಾಗುವುದು. ಥರ್ಮೋಸ್ಟಾಟ್ ಮುಚ್ಚಿದಂತೆಯೇ ಸಿಕ್ಕಿಕೊಂಡಿದ್ದರೆ ಎಕ್ಸ್‌ಪ್ರೆಸ್‌ವೇಯಲ್ಲಿಯೂ ಮುಳ್ಳು ಇಳಿಯುತ್ತಿರಲಿಲ್ಲ.

ಮೊದಲು ಎಸಿ ಹಾಕಿ ನೋಡಿ. ಬಹುತೇಕ ಕಾರುಗಳಲ್ಲಿ ಆಗ ಫ್ಯಾನ್ ತಿರುಗಬೇಕು. ಎರಡು ಫ್ಯಾನ್ ಇರುವ ಕಾರಾದರೆ ರೇಡಿಯೇಟರ್‌ನದ್ದು ಯಾವುದೆಂದು ಗಮನಿಸಿ. ಬಳಿಕ ಎರಡು ತಂತಿಯ ಸ್ವಿಚ್ ಆಗಿದ್ದರೆ, ಪ್ಲಗ್ ಬಿಡಿಸಿ, ಇಗ್ನಿಷನ್ ಹಾಕಿ, ಆ ಎರಡು ತಂತಿಗಳನ್ನು ಪರಸ್ಪರ ಜೋಡಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಫ್ಯಾನ್ ತಿರುಗಿದರೆ ಸ್ವಿಚ್ಚಿನ ಮೇಲೆ ಸಂಶಯ. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರ್ ನೋಡಬೇಕು. ಹೊಸ ಕಾರುಗಳಲ್ಲಿ ಸೆನ್ಸರ್ ನೋಡಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಫ್ಯಾನ್ ಓಡಿಸುವುದರಿಂದ ಈ ಉಪಾಯ ಅಲ್ಲಿ ಸಲ್ಲದು.

ಮಡಗಾಂವ್‌ನಿಂದ: ನಾನು ಕೊಂಡ ಕಾರಿನಲ್ಲಿ ಹಿಂದಿನ ಮಾಲೀಕರು ಥರ್ಮೋಸ್ಟಾಟ್ ತೆಗೆಸಿದ್ದರು. ಚೋರ್ಲಾ ಘಾಟ್ ಇಳಿಯುವಾಗ ಮುಳ್ಳು ಬುಡದಲ್ಲೇ ಇರುತ್ತಿತ್ತು. ಎಂಜಿನ್ ಇನ್ನೂ ತಣ್ಣಗಿದೆ ಎಂದೇ ಇಸಿಯು ಭಾವಿಸಿ ಹೆಚ್ಚು ಪೆಟ್ರೋಲ್ ಸುರಿಯುತ್ತಿದ್ದುದರಿಂದ ಮೈಲೇಜ್ ಕುಸಿದಿತ್ತು. ಹೊಸದನ್ನು ಹಾಕಿಸಿದ ಮೇಲೆ ಸುಧಾರಿಸಿತು. ನಮ್ಮ ಕಡೆ ಚಳಿಯಿಲ್ಲ, ಥರ್ಮೋಸ್ಟಾಟ್ ಏಕೆ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ.

ಕೊಥ್ರೂಡ್‌ನಿಂದ: ಠಾಣೆಯವರ ಮಾತಿಗೆ ಒಂದು ಸೇರ್ಪಡೆ. ಥರ್ಮೋಸ್ಟಾಟ್ ತೆರೆಯದಿದ್ದರೆ ಬಿಸಿ ಕೂಲಂಟ್ ರೇಡಿಯೇಟರ್ ತಲುಪದು, ಆದ್ದರಿಂದ ಅಲ್ಲಿರುವ ಸ್ವಿಚ್ ಚೆನ್ನಾಗಿದ್ದರೂ ಎಂಜಿನ್ ಕುದಿಯುವಾಗ ಫ್ಯಾನ್ ಸುಮ್ಮನಿರುತ್ತದೆ. ಕೂಲಂಟ್ ಕಡಿಮೆಯಾಗಿ ಸ್ವಿಚ್ಚಿನ ಸುತ್ತ ಗಾಳಿ ತುಂಬಿದ್ದರೂ ಹೀಗೆಯೇ ಆಗಬಹುದು. ಸ್ವಿಚ್ ಬದಲಿಸುವ ಮುನ್ನ, ಎಂಜಿನ್ ಪೂರ್ತಿ ತಣಿದ ಮೇಲಷ್ಟೇ ರೇಡಿಯೇಟರ್ ಮುಚ್ಚಳ ತೆಗೆದು ಕೂಲಂಟ್ ಮಟ್ಟ ನೋಡಿ. ಒತ್ತಡದಲ್ಲಿರುವ ಕೂಲಂಟ್ 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ, ಮುಚ್ಚಳ ಸಡಿಲಿಸಿದ ಕ್ಷಣವೇ ಮುಖಕ್ಕೆ ಚಿಮ್ಮುತ್ತದೆ.