"ಅಥವಾ" ಅಂದರೆ ಎರಡೂ ಆಗಬಹುದೇ?

ಗೆಳೆಯರೇ,

ಪಿಯುಸಿ ಓದುತ್ತಿರುವ ಅಣ್ಣನ ಮಗಳು ಮೊನ್ನೆ ಒಂದು ಲೆಕ್ಕ ತಂದಳು. "52 ಎಲೆಗಳ ಇಸ್ಪೀಟು ಕಟ್ಟಿನಿಂದ ಒಂದು ಎಲೆ ಎಳೆದರೆ ಅದು ಆಟೀನ್ ಅಥವಾ ರಾಜ ಆಗಿರುವ ಸಂಭವನೀಯತೆ ಎಷ್ಟು?" ಅವಳ ಉತ್ತರ 15/52. ಪುಸ್ತಕದ ಕೊನೆಯಲ್ಲಿರುವುದು 16/52, ಅಂದರೆ 4/13.

ಸೂತ್ರ ಬಾರದೆ ತಪ್ಪಿದ್ದಲ್ಲ. ಆಟೀನ್ 13, ರಾಜ 4, ಕೂಡಿದರೆ 17. ಆಟೀನ್ ರಾಜನನ್ನು ಎರಡು ಸಲ ಎಣಿಸಿದಂತಾಯಿತು ಅನ್ನುವುದು ಅವಳಿಗೆ ಹೊಳೆದಿದೆ. ಒಂದು ಕಳೆಯುವಲ್ಲಿ ಎರಡು ಕಳೆದು ಆ ಎಲೆಯನ್ನು ಹೊರಗೇ ಹಾಕಿದ್ದಾಳೆ. ಯಾಕಮ್ಮ ಅಂದರೆ, "ಅಥವಾ ಅಂತ ಕೇಳಿದಾರಲ್ಲ ಚಿಕ್ಕಪ್ಪ, ಅದು ಎರಡೂ ಆಗಿಬಿಡತ್ತೆ!"

ನನ್ನ ಬಾಯಿ ಕಟ್ಟಿತು. ಊಟದ ಕೂಪನ್ನಿನಲ್ಲಿ "ಪಾಯಸ ಅಥವಾ ಜಾಮೂನು" ಎಂದಿದ್ದರೆ ಎರಡೂ ಬಡಿಸಿ ಎನ್ನುವಂತಿಲ್ಲ. ಆದರೆ ಬಸ್ಸಿನ ಸೀಟಿನ ಮೇಲೆ "ಹಿರಿಯ ನಾಗರಿಕರು ಅಥವಾ ಅಂಗವಿಕಲರಿಗೆ" ಎಂದು ಬರೆದಿದ್ದರೆ, ಊರುಗೋಲು ಹಿಡಿದ ಎಪ್ಪತ್ತರ ಅಜ್ಜನನ್ನು ಯಾವ ಕಂಡಕ್ಟರೂ ಎಬ್ಬಿಸುವುದಿಲ್ಲ. ಪದ ಒಂದೇ, ಕೆಲಸ ಎರಡು. ಗಣಿತದವರು ಸೀಟಿನ ಅರ್ಥವನ್ನಷ್ಟೇ ಇಟ್ಟುಕೊಂಡಿದ್ದಾರೆ. (ಸಂಸ್ಕೃತದಲ್ಲಿ ಅಥ, ವಾ ಸೇರಿದ ಈ ಪದವನ್ನು "ಅಲ್ಲ, ಹೀಗೆನ್ನೋಣ" ಎಂದು ಮಾತು ತಿದ್ದಿಕೊಳ್ಳುವುದಕ್ಕೂ ಬಳಸುತ್ತಾರೆ. ನಮ್ಮ ತಕರಾರಿಗೆ ಅದರಿಂದ ಉಪಯೋಗವಿಲ್ಲ.)

ತಮಾಷೆಯೆಂದರೆ, ಇಲ್ಲ ಎನ್ನುವಾಗ ಕನ್ನಡಕ್ಕೆ ಗೊಂದಲವೇ ಇಲ್ಲ. "ಆಟೀನಾಗಲಿ ರಾಜನಾಗಲಿ ಬರಲಿಲ್ಲ" ಎಂದರೆ ಉಳಿದ 36 ಎಲೆಗಳಲ್ಲೊಂದು ಬಂದಿದೆ, ಬೇರೆ ಅರ್ಥ ಹೊರಡದು. 52ರಲ್ಲಿ 36 ಹೋದರೆ 16. ಹುಡುಗಿ ಕೊನೆಗೆ ಒಪ್ಪಿದ್ದು ಈ ದಾರಿಯಲ್ಲೇ.

ಹೌದು ಎನ್ನುವಾಗಲೂ ಇಷ್ಟೇ ಖಚಿತವಾಗಿ ಹೇಳುವುದು ಹೇಗೆ? "ಆಟೀನೋ ರಾಜನೋ" ಎಂದರೆ ಹೇಳುವವನಿಗೇ ಅನುಮಾನವಿದ್ದಂತೆ. "ಎರಡರಲ್ಲಿ ಕನಿಷ್ಠ ಒಂದಾದರೂ" ಎಂದರೆ ಎರಡು ಎಲೆ ಎಳೆದಂತೆ ಕೇಳಿಸುತ್ತದೆ. ನನಗೆ ಹಿಡಿಸಿದ್ದು "ಆಟೀನಾದರೂ ಸರಿ, ರಾಜನಾದರೂ ಸರಿ". ಆಡುವವರ ಬಾಯಲ್ಲಿ ಸಹಜ, ಆಟೀನ್ ರಾಜ ಬಿದ್ದರೆ ಯಾರೂ ಜಗಳ ತೆಗೆಯುವುದಿಲ್ಲ. ಪಠ್ಯಪುಸ್ತಕಕ್ಕೆ ಇದು ಒಗ್ಗೀತೆ? ಇದಕ್ಕಿಂತ ಚಿಕ್ಕದು ಯಾರಿಗಾದರೂ ಗೊತ್ತೆ?

ಆಟೀನು, ರಾಜ ಎರಡೂ ಒಂದೇ ಎಲೆಯಲ್ಲಿ ಬರುವಂತೆ ಒಟ್ಟಿಗೆ ಘಟಿಸಬಲ್ಲ ಘಟನೆಗಳಿಗೆ "ಅತಿವ್ಯಾಪ್ತಿ" ಪದ ಸೂಚಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ: ತರ್ಕಶಾಸ್ತ್ರದಲ್ಲಿ ಅದೊಂದು ದೋಷದ ಹೆಸರು. "ಕೊಂಬಿದ್ದದ್ದೆಲ್ಲ ಹಸು" ಎಂದರೆ ಎಮ್ಮೆಯೂ ಒಳಗೆ ಬಂತಲ್ಲ, ಅದು ಅತಿವ್ಯಾಪ್ತಿ. ಆಟೀನ್ ರಾಜ ಹಾಗೆ ನುಸುಳಿ ಬಂದವನಲ್ಲ, ಎರಡೂ ಮನೆಗೆ ಸೇರಿದವನು.